ಕ್ರಿಪ್ಟೊ ಟ್ಯಾಕ್ಸ್ ಸಾಫ್ಟ್‌ವೇರ್‌ಗೆ ಎಕ್ಸ್‌ಚೇಂಜ್ ಕನೆಕ್ಟ್ ಆಗ್ತಿಲ್ವಾ? ಹೀಗೆ ನೋಡಿ

ಜೂನ್ ಕಳೆದು ಮಳೆ ಹಿಡಿಯಿತು ಅಂದರೆ ನನಗೆ ಬರುವ ಫೋನ್‌ಗಳಲ್ಲಿ ಪ್ರಶ್ನೆ ಒಂದೇ. "ಸರ್, ಸಾಫ್ಟ್‌ವೇರ್‌ಗೆ ಎಕ್ಸ್‌ಚೇಂಜ್ ಕನೆಕ್ಟ್ ಆಗ್ತಾನೇ ಇಲ್ಲ. ಕೆಂಪು ಬರ್ತಾ ಇದೆ. ಏನು ಮಾಡ್ಲಿ?" ಸಾಗರದಿಂದ ಕೇಳುತ್ತಾರೆ, ತೀರ್ಥಹಳ್ಳಿಯಿಂದ ಕೇಳುತ್ತಾರೆ, ಹೊಸನಗರದ ಒಳಹಳ್ಳಿಗಳಿಂದಲೂ ಕೇಳುತ್ತಾರೆ. ಕೆಲವರು ಬೆಂಗಳೂರಿನ ಕೆಲಸವನ್ನು ಊರಿನ ಮನೆಯಲ್ಲೇ ಕೂತು ಮಾಡುವವರು. ಕೆಲವರು ಅಡಿಕೆ ದುಡ್ಡಿನಲ್ಲಿ ಸ್ವಲ್ಪ ಬಿಟ್‌ಕಾಯಿನ್ ತೆಗೆದಿಟ್ಟವರು. ಸಂಬಳದವರಿಗೆ ರಿಟರ್ನ್ಸ್ ಹಾಕಲು ಸಾಮಾನ್ಯವಾಗಿ ಜುಲೈ 31 ಕೊನೆ ದಿನ. ನಮ್ಮ ಕಡೆ ಅದು ಜೋರು ಮಳೆಯ ಕಾಲ. ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳೋಕಾಗಲ್ಲ. ಅಷ್ಟು ಕಷ್ಟದಲ್ಲಿ ಒಂದು ಕೆಂಪು ಗುರುತಿನ ಮುಂದೆ ಎರಡು ದಿನ ಕಳೆಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ತೋಟದ ದುಡ್ಡಿನಲ್ಲಿ ಕೊಂಡದ್ದು ಅನ್ನುವ ಕಾರಣಕ್ಕೆ ಕ್ರಿಪ್ಟೊ ಲಾಭ ಕೃಷಿ ಆದಾಯ ಆಗುವುದಿಲ್ಲ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಮಾರಿ ಬಂದ ಲಾಭಕ್ಕೆ ನೇರವಾಗಿ 30% ತೆರಿಗೆ, ಅದರ ಮೇಲೆ 4% ಸೆಸ್. ಕೊಂಡ ಬೆಲೆಯೊಂದನ್ನು ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವ ಹಾಗಿಲ್ಲ. ಒಂದು ಕಾಯಿನ್‌ನಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭಕ್ಕೆ ವಜಾ ಹಾಕುವ ಹಾಗಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವ ಹಾಗೂ ಇಲ್ಲ. ಹಾಗಾಗಿ ಪ್ರತಿ ವ್ಯವಹಾರವೂ ಲೆಕ್ಕಕ್ಕೆ ಬರಲೇಬೇಕು. ಎಕ್ಸ್‌ಚೇಂಜ್ ಅರ್ಧಂಬರ್ಧ ಕನೆಕ್ಟ್ ಆದರೆ ಅದರ ಪೆಟ್ಟು ನೇರವಾಗಿ ನಿಮ್ಮ ಜೇಬಿಗೆ.

ಕನೆಕ್ಟ್ ಅಂದರೆ ಏನಾಗುತ್ತದೆ?

ಎಕ್ಸ್‌ಚೇಂಜ್ ಅಂದರೆ ನೀವು ಕಾಯಿನ್ ಕೊಳ್ಳುವ, ಮಾರುವ ಜಾಗ. ಟ್ಯಾಕ್ಸ್ ಸಾಫ್ಟ್‌ವೇರ್ ಅಂದರೆ ಆ ಎಲ್ಲ ವ್ಯವಹಾರಗಳನ್ನು ತಂದು, ಯಾವಾಗ ಎಷ್ಟಕ್ಕೆ ಕೊಂಡಿರಿ, ಎಷ್ಟಕ್ಕೆ ಮಾರಿದಿರಿ ಅಂತ ಲೆಕ್ಕ ಕಟ್ಟಿ ಕೊಡುವ ಸೇವೆ. ಕಾಯಿನ್‌ಎಕ್ಸ್ (KoinX), ಕಾಯಿನ್‌ಲಿ, ಕಾಯಿನ್‌ಟ್ರ್ಯಾಕರ್ ಇವೆಲ್ಲ ಆ ಜಾತಿಯವು.

ಇವೆರಡರ ನಡುವಿನ ಬಾಗಿಲಿಗೆ ಎಪಿಐ ಅನ್ನುತ್ತಾರೆ. ಆ ಬಾಗಿಲಿಗೆ ನೀವು ಮಾಡಿಸಿಕೊಡುವ ಬೀಗದ ಕೈ ಎಪಿಐ ಕೀ. ಅದರ ಜೊತೆ ಸೀಕ್ರೆಟ್ ಅನ್ನುವ ಇನ್ನೊಂದು ಉದ್ದದ ಗುಟ್ಟಿನ ಅಕ್ಷರಮಾಲೆ ಬರುತ್ತದೆ. ಕೂಕಾಯಿನ್, ಓಕೆಎಕ್ಸ್ ಥರದ ಕೆಲವು ಎಕ್ಸ್‌ಚೇಂಜ್‌ಗಳಲ್ಲಿ ಮೂರನೆಯದೂ ಉಂಟು. ಅದು ಪಾಸ್‌ಫ್ರೇಸ್, ಕೀ ಮಾಡುವಾಗ ನೀವೇ ಇಟ್ಟುಕೊಂಡ ಗುಟ್ಟಿನ ಪದ. ಅದು ನಿಮ್ಮ ಲಾಗಿನ್ ಪಾಸ್‌ವರ್ಡ್ ಅಲ್ಲ. ಇಲ್ಲಿ ಎಷ್ಟೋ ಜನ ಎಡವುತ್ತಾರೆ.

ಟ್ಯಾಕ್ಸ್ ಸಾಫ್ಟ್‌ವೇರ್‌ಗೆ ಓದುವ ಅನುಮತಿ ಇರುವ ಕೀ ಸಾಕು. ಪಾಸ್‌ಬುಕ್ ತೋರಿಸಿದ ಹಾಗೆ ಅಷ್ಟೇ. ಚೆಕ್‌ಬುಕ್ ಕೊಡುವ ಅಗತ್ಯ ಎಂದೂ ಇಲ್ಲ.

ಶುರು ಮಾಡುವ ಮುಂಚೆ ಇಷ್ಟು ಕೈಯಲ್ಲಿರಲಿ: ಎಕ್ಸ್‌ಚೇಂಜ್‌ನ ಲಾಗಿನ್, ಒಟಿಪಿ ಬರುವ ಫೋನ್, ಸಾಧ್ಯವಾದರೆ ಒಂದು ಲ್ಯಾಪ್‌ಟಾಪ್, ಮತ್ತು ನಿಮ್ಮ ಫಾರಂ 26ಎಎಸ್. ಇದು ನಿಮ್ಮ ಹೆಸರಿನಲ್ಲಿ ಎಲ್ಲೆಲ್ಲಿ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಕಡಿತ ಆಗಿದೆ ಅಂತ ತೋರಿಸುವ ಪಟ್ಟಿ. ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆದರೆ ಸಿಗುತ್ತದೆ.

1. ಮತ್ತೆ ಮತ್ತೆ ಒತ್ತುವುದನ್ನು ನಿಲ್ಲಿಸಿ

ಹೊಸನಗರದ ಕಡೆಯ ಒಬ್ಬರು ಸಿಗ್ನಲ್ ಸಿಗಲಿ ಅಂತ ಮನೆ ಹಿಂದಿನ ಗುಡ್ಡ ಹತ್ತಿ, ಕೊಡೆ ಹಿಡಿದುಕೊಂಡು ಒಂದು ಸಂಜೆಯಿಡೀ "ರೀಕನೆಕ್ಟ್" ಒತ್ತಿದ್ದರು. ಪಾಪ, ಅವರ ನೆಟ್‌ವರ್ಕ್‌ಗೂ ಆ ತೊಂದರೆಗೂ ಸಂಬಂಧವೇ ಇರಲಿಲ್ಲ.

ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. ನೀವು ಕೀ ಹಾಕಿ ಸೇವ್ ಮಾಡಿದ ಮೇಲೆ ಎಕ್ಸ್‌ಚೇಂಜ್ ಜೊತೆ ಮಾತಾಡುವುದು ನಿಮ್ಮ ಫೋನ್ ಅಲ್ಲ. ಸಾಫ್ಟ್‌ವೇರ್ ಕಂಪನಿಯ ಸರ್ವರ್ ಮಾತಾಡುತ್ತದೆ. ಅದು ಎಲ್ಲೋ ದೂರದ ಊರಿನಲ್ಲಿರುತ್ತದೆ. ನಿಮ್ಮ ಮನೆಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಇದ್ದರೂ ಸಿಂಕ್ ನಡೆಯುತ್ತದೆ. ಕರೆಂಟ್ ಹೋಗಿ ಫೋನ್ ಆಫ್ ಆದರೂ ನಡೆಯುತ್ತದೆ. ಸಿಂಕ್ ಅಂದರೆ ಎಕ್ಸ್‌ಚೇಂಜ್‌ನಿಂದ ವ್ಯವಹಾರಗಳನ್ನು ಎಳೆದು ತರುವ ಕೆಲಸ. ಹಳೆಯ ಖಾತೆ ಆದರೆ ಅದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಸುಮ್ನೆ ಬಿಟ್ಟು ತೋಟಕ್ಕೆ ಹೋಗಿ ಬನ್ನಿ. (ರೋಟ್ಕಿಯ ಹಾಗೆ ನಿಮ್ಮ ಕಂಪ್ಯೂಟರ್‌ನಲ್ಲೇ ಓಡುವ ಸಾಫ್ಟ್‌ವೇರ್ ಆದರೆ ಮಾತು ಬೇರೆ. ಅಲ್ಲಿ ನಿಮ್ಮ ನೆಟ್ ಬೇಕೇ ಬೇಕು.)

ಪದೇ ಪದೇ ಒತ್ತಿದರೆ ಇನ್ನೊಂದು ತೊಂದರೆ ಹುಟ್ಟುತ್ತದೆ. ಇಷ್ಟು ಹೊತ್ತಿನಲ್ಲಿ ಇಷ್ಟು ಸಲ ಮಾತ್ರ ಕೇಳಬಹುದು ಅಂತ ಎಕ್ಸ್‌ಚೇಂಜ್‌ಗಳು ಮಿತಿ ಇಟ್ಟಿರುತ್ತವೆ. ಇದೇ ರೇಟ್ ಲಿಮಿಟ್. ಅದು ದಾಟಿದರೆ 429 ಅನ್ನುವ ಸಂಖ್ಯೆ ಅಥವಾ "ಟೂ ಮೆನಿ ರಿಕ್ವೆಸ್ಟ್ಸ್" ಬರುತ್ತದೆ. ಇದಕ್ಕೆ ಮದ್ದು ಕಾಯುವುದೊಂದೇ. ಒಂದೆರಡು ಗಂಟೆ ಬಿಟ್ಟು ಒಮ್ಮೆ ಮಾತ್ರ ಒತ್ತಿ.

ಈಗ ಆ ಕೆಂಪು ಅಕ್ಷರದ ಮೇಲೆ ಒತ್ತಿ ಪೂರ್ತಿ ಸಂದೇಶ ಓದಿ. ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಮುಂದಿನ ದಾರಿಯನ್ನು ಆ ಸಂದೇಶವೇ ಹೇಳುತ್ತದೆ.

2. ಎಕ್ಸ್‌ಚೇಂಜ್ ಸರಿಯಿದೆಯಾ ನೋಡಿ

ಎಕ್ಸ್‌ಚೇಂಜ್‌ಗೆ ನೇರವಾಗಿ ಲಾಗಿನ್ ಆಗಿ. ಅಲ್ಲೇ ಆಗದಿದ್ದರೆ ಸಾಫ್ಟ್‌ವೇರ್ ಏನು ಮಾಡೀತು? ರಿಪೇರಿ ನಡೆಯುತ್ತಿರಬಹುದು, ನಿಮ್ಮ ಕೆವೈಸಿ ಬಾಕಿ ಇರಬಹುದು.

ವಿದೇಶಿ ಎಕ್ಸ್‌ಚೇಂಜ್‌ಗಳದ್ದು ಇನ್ನೊಂದು ಕಥೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರದ ಹಣಕಾಸು ಗುಪ್ತಚರ ಘಟಕ ಇಲ್ಲಿ ನೋಂದಣಿ ಮಾಡಿಸಿಕೊಳ್ಳದ 9 ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ನೋಟಿಸ್ ಕೊಟ್ಟಿತು. 2024ರ ಜನವರಿಯಲ್ಲಿ ಅವುಗಳ ಆ್ಯಪ್, ವೆಬ್‌ಸೈಟ್‌ಗಳಿಗೆ ಇಲ್ಲಿ ತಡೆ ಬಿತ್ತು. ಕೂಕಾಯಿನ್, ಬೈನಾನ್ಸ್ ಅದೇ ವರ್ಷ ನೋಂದಣಿ ಮಾಡಿಸಿಕೊಂಡು ವಾಪಸ್ ಬಂದವು. ಆ ಗೊಂದಲದಲ್ಲಿ ಖಾತೆ ಬಿಟ್ಟು ಬಂದವರು ಈಗ ಒಮ್ಮೆ ಲಾಗಿನ್ ಆಗಿ ನೋಡಿ. ಮುಚ್ಚಿಯೇ ಹೋದ ಎಕ್ಸ್‌ಚೇಂಜ್ ಆದರೆ ಎಪಿಐ ಆಸೆ ಬಿಡಿ. ಹಳೆಯ ಇಮೇಲ್‌ಗಳು, ಹಿಂದೆ ಇಳಿಸಿಟ್ಟ ಫೈಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಇವುಗಳಿಂದಲೇ ಲೆಕ್ಕ ಕಟ್ಟಬೇಕು.

ಲಾಗಿನ್ ಮಾಡುವಾಗ ಒಟಿಪಿ ಬರುವುದಿಲ್ಲ ಅನ್ನುವುದು ನಮ್ಮ ಕಡೆಯ ನಿಜವಾದ ಕಷ್ಟ. ಎಸ್‌ಎಂಎಸ್ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಸಿಗ್ನಲ್ ಚೆನ್ನಾಗಿರುವ ಕಡೆ ಹೋದಾಗ ಒಮ್ಮೆ ಅಥೆಂಟಿಕೇಟರ್ ಆ್ಯಪ್ ಜೋಡಿಸಿಕೊಂಡು ಬನ್ನಿ. ಅದು 30 ಸೆಕೆಂಡಿಗೊಮ್ಮೆ ಫೋನಿನಲ್ಲೇ ಹೊಸ ಸಂಖ್ಯೆ ಮಾಡಿಕೊಡುತ್ತದೆ, ನೆಟ್‌ವರ್ಕ್ ಬೇಡ. ಫೋನಿನ ಗಡಿಯಾರ ಮಾತ್ರ ಸರಿ ಇರಬೇಕು. ಜೋಡಿಸುವಾಗ ಕೊಡುವ ಬ್ಯಾಕಪ್ ಕೋಡ್ ಬರೆದಿಡುವುದನ್ನು ಮರೆಯಬೇಡಿ.

3. ಹಳೆ ಕೀ ಅಳಿಸಿ, ಹೊಸದು ಮಾಡಿ

ಕೆಂಪು ಬರುವವರಲ್ಲಿ ಎಷ್ಟೋ ಜನರ ತೊಂದರೆ ಇಲ್ಲಿಗೇ ಮುಗಿದದ್ದನ್ನು ನೋಡಿದ್ದೇನೆ. "ಇನ್‌ವ್ಯಾಲಿಡ್ ಎಪಿಐ ಕೀ" ಅಥವಾ "ಸಿಗ್ನೇಚರ್ ನಾಟ್ ವ್ಯಾಲಿಡ್" ಅಂತ ಬಂದರೆ ಕೀ ಅಥವಾ ಸೀಕ್ರೆಟ್ ತಪ್ಪಾಗಿ ಹೋಗಿದೆ ಅಂತ ಅರ್ಥ.

ಬೈನಾನ್ಸ್‌ನ ಸಾಮಾನ್ಯ ಕೀಯಲ್ಲಿ 64 ಅಕ್ಷರ, ಸೀಕ್ರೆಟ್‌ನಲ್ಲೂ 64. ಫೋನಿನಲ್ಲಿ ಬೆರಳಿನಿಂದ ಎಳೆದು ಕಾಪಿ ಮಾಡಿದರೆ ಕೊನೆಯ ಅಕ್ಷರ ಬಿಟ್ಟುಹೋಗುತ್ತದೆ. ವಾಟ್ಸ್‌ಆ್ಯಪ್‌ನಿಂದ ತಂದರೆ ಹಿಂದೆ ಒಂದು ಖಾಲಿ ಜಾಗ ಅಂಟಿಕೊಂಡು ಬರುತ್ತದೆ. ಒಬ್ಬರು ಫೋನಿನಲ್ಲಿ ಕಂಡದ್ದನ್ನು ಮಗಳ ನೋಟ್‌ಬುಕ್‌ನಲ್ಲಿ ಕೈಯಿಂದ ಬರೆದುಕೊಂಡು, ಲ್ಯಾಪ್‌ಟಾಪ್‌ನಲ್ಲಿ ನೋಡಿ ನೋಡಿ ಟೈಪ್ ಮಾಡಿದ್ದರು. ಅಷ್ಟು ಜೋಪಾನ ಮಾಡಿದರೂ ಸೊನ್ನೆ ಯಾವುದು, ಇಂಗ್ಲಿಷಿನ ಓ ಯಾವುದು ಅಂತ ಅವರಿಗೇ ಗೊತ್ತಾಗುತ್ತಿರಲಿಲ್ಲ. ಎರಡನ್ನೂ ಒಂದೇ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಪಕ್ಕಪಕ್ಕ ತೆರೆದುಕೊಂಡು, ಅಲ್ಲಿರುವ ಕಾಪಿ ಗುಂಡಿ ಒತ್ತಿ ಅಂಟಿಸುವುದೇ ಸರಿಯಾದ ದಾರಿ.

ಸೀಕ್ರೆಟ್ ಒಮ್ಮೆ ಮಾತ್ರ ಕಾಣುತ್ತದೆ. ಆ ಪುಟ ಮುಚ್ಚಿದರೆ ಮುಗಿಯಿತು. ಹಳೆಯದನ್ನು ಹುಡುಕುತ್ತಾ ಕೂರಬೇಡಿ, ಹೊಸ ಕೀ ಮಾಡಿ. ಎರಡೇ ನಿಮಿಷದ ಕೆಲಸ. ಟ್ಯಾಕ್ಸ್ ಸಾಫ್ಟ್‌ವೇರ್‌ಗೆ ಬೇರೆಯದೇ ಕೀ ಇರಲಿ. ಒಂದೇ ಕೀಯನ್ನು ಎರಡು ಸಾಫ್ಟ್‌ವೇರ್‌ಗೆ ಕೊಟ್ಟರೆ ಕ್ರಾಕೆನ್‌ನಂಥ ಕಡೆ "ಇನ್‌ವ್ಯಾಲಿಡ್ ನಾನ್ಸ್" ಬರುತ್ತದೆ. ನಾನ್ಸ್ ಅಂದರೆ ಪ್ರತಿ ಕೋರಿಕೆಗೂ ಏರುತ್ತಾ ಹೋಗುವ ಕ್ರಮಸಂಖ್ಯೆ. ಇಬ್ಬರು ಒಂದೇ ಟೋಕನ್ ಪುಸ್ತಕ ಹರಿದರೆ ಸಂಖ್ಯೆ ಹಿಂದೆಮುಂದೆ ಆಗುತ್ತದಲ್ವಾ, ಹಾಗೆ.

ಅನುಮತಿಯ ಟಿಕ್‌ಗಳನ್ನು ನಿಧಾನವಾಗಿ ನೋಡಿ. ಬೈನಾನ್ಸ್‌ನಲ್ಲಿ "ಎನೇಬಲ್ ರೀಡಿಂಗ್" ಒಂದೇ ಸಾಕು. ಕ್ರಾಕೆನ್‌ನಲ್ಲಿ ಓದುವ ಅನುಮತಿಯೇ ಹಲವು ತುಂಡಾಗಿದೆ. ಬ್ಯಾಲೆನ್ಸ್ ನೋಡಲು ಒಂದು, ಮುಗಿದ ಆರ್ಡರ್ ನೋಡಲು ಒಂದು, ಲೆಡ್ಜರ್ ನೋಡಲು ಇನ್ನೊಂದು. ಒಂದನ್ನು ಬಿಟ್ಟರೂ "ಪರ್ಮಿಷನ್ ಡಿನೈಡ್" ಬರುತ್ತದೆ, ಅಥವಾ ಅರ್ಧ ವ್ಯವಹಾರ ಮಾತ್ರ ಬರುತ್ತದೆ.

ಎಚ್ಚರಿಕೆ: ಟ್ರೇಡ್, ವಿತ್‌ಡ್ರಾ ಅನ್ನುವ ಟಿಕ್‌ಗಳು ಖಾಲಿ ಇರಲೇಬೇಕು. "ಎಲ್ಲಾ ಟಿಕ್ ಹಾಕಿದರೆ ಕನೆಕ್ಟ್ ಆಗುತ್ತೆ" ಅಂತ ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ. ವಿತ್‌ಡ್ರಾ ಅನುಮತಿ ಇರುವ ಕೀ ಬೇರೆಯವರ ಕೈಗೆ ಸಿಕ್ಕಿತು ಅಂದರೆ ನಿಮ್ಮ ಕಾಯಿನ್ ಅವರದ್ದು.

4. ಐಪಿ ಬೀಗ

ಕೀ ಮಾಡುವಾಗ "ಈ ವಿಳಾಸಗಳಿಂದ ಮಾತ್ರ ಬಳಸಬಹುದು" ಅಂತ ಒಂದು ಆಯ್ಕೆ ಇರುತ್ತದೆ. ಐಪಿ ಅಂದರೆ ಇಂಟರ್ನೆಟ್‌ನಲ್ಲಿ ಒಂದು ಯಂತ್ರದ ವಿಳಾಸ. ಜನ ಇಲ್ಲಿ ತಮ್ಮ ಮನೆಯ ಐಪಿ ಹಾಕುತ್ತಾರೆ. ಆದರೆ ಮೊದಲೇ ಹೇಳಿದ ಹಾಗೆ ಎಕ್ಸ್‌ಚೇಂಜ್ ಬಾಗಿಲು ತಟ್ಟುವುದು ಸಾಫ್ಟ್‌ವೇರ್‌ನವರ ಸರ್ವರ್. ಬೇಕಾದದ್ದು ಅದರ ಐಪಿ. ಅವರ ಸಹಾಯ ಪುಟದಲ್ಲಿ ಕೊಟ್ಟಿದ್ದರೆ ಎಲ್ಲವನ್ನೂ ಹಾಕಿ. ಕೊಟ್ಟಿಲ್ಲದಿದ್ದರೆ ಆ ಬೀಗ ತೆಗೆದಿಡಿ, ಓದುವ ಅನುಮತಿ ಮಾತ್ರ ಇದ್ದರೆ ಅಪಾಯ ಕಡಿಮೆ. ಐಪಿಗೆ ಕಟ್ಟದ ಕೀಗಳನ್ನು ಕೆಲವು ಎಕ್ಸ್‌ಚೇಂಜ್‌ಗಳು ಕೆಲವೇ ತಿಂಗಳಲ್ಲಿ ತಾವಾಗಿಯೇ ರದ್ದು ಮಾಡುತ್ತವೆ. ಕಳೆದ ವರ್ಷ ಚೆನ್ನಾಗಿದ್ದದ್ದು ಈ ವರ್ಷ ಕೆಂಪಾಗಲು ಇದೂ ಒಂದು ಕಾರಣ.

ಬೈನಾನ್ಸ್‌ನಲ್ಲಿ -2015 ಅನ್ನುವ ಸಂಖ್ಯೆ ಬಂದರೆ ಕೀ, ಐಪಿ, ಅನುಮತಿ ಈ ಮೂರರಲ್ಲಿ ಒಂದು ತಪ್ಪು ಅಂತ. ಯಾವುದು ಅಂತ ಅದು ಹೇಳುವುದಿಲ್ಲ. ಮೂರನ್ನೂ ಒಂದೊಂದಾಗಿ ನೋಡಿ. -1021 ಬಂದರೆ ಸಮಯದ ತಪ್ಪು. ನಿಮ್ಮದೇ ಕಂಪ್ಯೂಟರ್‌ನಲ್ಲಿ ಓಡುವ ಸಾಫ್ಟ್‌ವೇರ್ ಆದರೆ ಗಡಿಯಾರವನ್ನು "ತಾನಾಗಿ ಹೊಂದಿಸು" ಅಂತ ಇಡಿ, ಸರಿಯಾಗುತ್ತದೆ. ಕೀ ಇಲ್ಲದೆ ಎಕ್ಸ್‌ಚೇಂಜ್ ಪುಟಕ್ಕೇ ಹೋಗಿ "ಒಪ್ಪಿಗೆ" ಒತ್ತಿ ಕನೆಕ್ಟ್ ಮಾಡಿದವರು ಮತ್ತೊಮ್ಮೆ ಒಪ್ಪಿಗೆ ಕೊಟ್ಟರೆ ಸಾಕು. ಪಾಸ್‌ವರ್ಡ್ ಬದಲಿಸಿದ ಮೇಲೆ ಆ ಒಪ್ಪಿಗೆ ಬಿದ್ದುಹೋಗಿರಬಹುದು.

5. ಏನೂ ಆಗದಿದ್ದರೆ ಸಿಎಸ್‌ವಿ

ಸಿಎಸ್‌ವಿ ಅಂದರೆ ವ್ಯವಹಾರಗಳನ್ನು ಸಾಲುಸಾಲಾಗಿ ಬರೆದ ಸಾದಾ ಫೈಲ್. ಎಕ್ಸ್‌ಚೇಂಜ್‌ನಿಂದ ಇಳಿಸಿ, ಸಾಫ್ಟ್‌ವೇರ್‌ಗೆ ಹಾಕುವುದು. ಇದು ಸೋತವರ ದಾರಿ ಅಂತ ಅಂದುಕೊಳ್ಳಬೇಡಿ. ಪಿ2ಪಿ ವ್ಯವಹಾರ (ಒಬ್ಬರಿಂದ ಇನ್ನೊಬ್ಬರು ನೇರವಾಗಿ ಕೊಳ್ಳುವುದು, ಮಾರುವುದು), ಎಕ್ಸ್‌ಚೇಂಜ್ ಕೈಬಿಟ್ಟ ಕಾಯಿನ್‌ಗಳು, ಚಿಲ್ಲರೆ ಕಾಯಿನ್ ಬದಲಿಸಿದ್ದು, ಉಚಿತವಾಗಿ ಬಂದ ಕಾಯಿನ್ ಇಂಥವು ಎಷ್ಟೋ ಸಲ ಎಪಿಐನಲ್ಲಿ ಬರುವುದೇ ಇಲ್ಲ, ಫೈಲ್‌ನಲ್ಲಿ ಸಿಗುತ್ತವೆ. ನನ್ನನ್ನು ಕೇಳಿದರೆ ಎಪಿಐ ಸರಿಯಿದ್ದವರೂ ವರ್ಷಕ್ಕೊಮ್ಮೆ ಈ ಫೈಲ್ ಇಳಿಸಿ ಇಟ್ಟುಕೊಳ್ಳಬೇಕು. ಎಕ್ಸ್‌ಚೇಂಜ್ ನಾಳೆ ಇರುತ್ತದೋ ಇಲ್ಲವೋ ಯಾರಿಗೆ ಗೊತ್ತು?

ಖಾತೆ ತೆರೆದ ಮೊದಲ ದಿನದಿಂದ ಇಳಿಸಿ, ಈ ವರ್ಷದ್ದು ಮಾತ್ರ ಸಾಲದು. ಹೋದ ವರ್ಷ ಕೊಂಡದ್ದನ್ನು ಈ ವರ್ಷ ಮಾರಿರುತ್ತೀರಿ. ಆ ಕೊಂಡ ಸಾಲು ಇಲ್ಲದಿದ್ದರೆ ಏನಾಗುತ್ತದೆ ಅಂತ ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ.

ಇಳಿಸಿದ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ನೋಡಲೇಬೇಕಾದರೆ ಒಂದು ನಕಲು ಮಾಡಿ ನೋಡಿ. ಎಕ್ಸೆಲ್ 15 ಅಂಕಿಗಿಂತ ಉದ್ದದ ಸಂಖ್ಯೆಯ ಬಾಲವನ್ನು ಸೊನ್ನೆ ಮಾಡಿಬಿಡುತ್ತದೆ. ವ್ಯವಹಾರದ ಗುರುತಿನ ಸಂಖ್ಯೆ ಅಲ್ಲೇ ಕೆಡುತ್ತದೆ. ದಿನಾಂಕವನ್ನೂ ತಿರುಗಿಸುತ್ತದೆ. ಏಪ್ರಿಲ್ 5 ಹೋಗಿ ಮೇ 4 ಆಗುತ್ತದೆ.

ಸಮಯದ ಲೆಕ್ಕ ಇನ್ನೂ ಸೂಕ್ಷ್ಮ. ಹೆಚ್ಚಿನ ವಿದೇಶಿ ಎಕ್ಸ್‌ಚೇಂಜ್‌ಗಳು ಯುಟಿಸಿ ಸಮಯ ಬರೆಯುತ್ತವೆ. ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಫೈಲ್‌ನಲ್ಲಿ ಮಾರ್ಚ್ 31, ರಾತ್ರಿ 8 ಗಂಟೆ ಅಂತ ಇದ್ದರೆ ನಮಗೆ ಅದು ಏಪ್ರಿಲ್ 1ರ ಬೆಳಗಿನ ಜಾವ ಒಂದೂವರೆ. ಹಣಕಾಸು ವರ್ಷವೇ ಬದಲಾಯಿತು! ಫೈಲ್ ಯಾವ ಸಮಯದಲ್ಲಿದೆ ಅಂತ ಸಾಫ್ಟ್‌ವೇರ್ ಕೇಳಿದಾಗ ಸರಿಯಾಗಿ ಹೇಳಿ, ವರದಿ ಮಾತ್ರ ಭಾರತದ ಸಮಯದಲ್ಲಿ ಬರುವ ಹಾಗೆ ಇಡಿ.

ಎಪಿಐ ಮತ್ತು ಫೈಲ್ ಎರಡನ್ನೂ ಒಂದೇ ಅವಧಿಗೆ ಹಾಕಿದರೆ ಅದೇ ವ್ಯವಹಾರ ಎರಡೆರಡು ಸಲ ಬರಬಹುದು. ಒಂದು ದಿನಾಂಕದವರೆಗೆ ಫೈಲ್, ಅಲ್ಲಿಂದ ಮುಂದೆ ಎಪಿಐ ಅಂತ ಗೆರೆ ಎಳೆದುಕೊಳ್ಳಿ.

6. ಹಸಿರು ಬಂತು ಅಂತ ಅಲ್ಲಿಗೇ ಬಿಡಬೇಡಿ

ನನಗೆ ಕೆಂಪಿಗಿಂತ ಹೆಚ್ಚು ಭಯ ಹಸಿರಿನದ್ದು. ಕೆಂಪು ಬಂದರೆ ನೀವು ಹುಡುಕುತ್ತೀರಿ. ಹಸಿರು ಬಂದರೆ ವರದಿ ಇಳಿಸಿ ಆಡಿಟರ್‌ಗೆ ಕಳಿಸಿಬಿಡುತ್ತೀರಿ. ಕನೆಕ್ಟ್ ಆಗಿದೆ ಅಂದರೆ ಬಾಗಿಲು ತೆರೆದಿದೆ ಅಂತ ಅಷ್ಟೇ ಅರ್ಥ. ಒಳಗಿನ ಸಾಮಾನೆಲ್ಲ ಬಂತು ಅಂತಲ್ಲ.

ಒಂದು ಉದಾಹರಣೆ. 1,00,000 ರೂಪಾಯಿಗೆ ಕೊಂಡು 1,20,000ಕ್ಕೆ ಮಾರಿದ್ದೀರಿ. ಲಾಭ 20,000. ತೆರಿಗೆ 6,000, ಸೆಸ್ 240, ಒಟ್ಟು 6,240. ಈಗ ಕೊಂಡ ಸಾಲು ಮಾತ್ರ ಬಂದಿಲ್ಲ ಅಂದುಕೊಳ್ಳಿ. ಸಾಫ್ಟ್‌ವೇರ್ ಕೊಂಡ ಬೆಲೆಯನ್ನು ಸೊನ್ನೆ ಅಂತ ಹಿಡಿಯುತ್ತದೆ. ಆಗ 1,20,000 ಪೂರ್ತಿ ಲಾಭ. ತೆರಿಗೆ 36,000, ಸೆಸ್ 1,440, ಒಟ್ಟು 37,440. ಒಂದು ಸಾಲು ಕಾಣೆಯಾದದ್ದಕ್ಕೆ 31,200 ರೂಪಾಯಿ ಜಾಸ್ತಿ. "ಮಿಸ್ಸಿಂಗ್ ಪರ್ಚೇಸ್ ಹಿಸ್ಟರಿ" ಅಂತ ಎಚ್ಚರಿಕೆ ಕಂಡರೆ ದಯವಿಟ್ಟು ಮುಚ್ಚಬೇಡಿ. ಅದರೊಳಗೆ ಇರುವುದು ನಿಮ್ಮ ದುಡ್ಡು.

ಮೂರು ತಾಳೆ ನೋಡಿ. ಮೊದಲನೆಯದು, ಸಾಫ್ಟ್‌ವೇರ್ ತೋರಿಸುವ ಕಾಯಿನ್ ಬ್ಯಾಲೆನ್ಸ್ ಮತ್ತು ಎಕ್ಸ್‌ಚೇಂಜ್‌ನಲ್ಲಿರುವ ಬ್ಯಾಲೆನ್ಸ್. ಎರಡೂ ಒಂದೇ ಇರಬೇಕು. ಕಡಿಮೆ ಜಾಸ್ತಿ ಇದ್ದರೆ ಆ ಕಾಯಿನ್‌ನಲ್ಲೇ ಏನೋ ಬಿಟ್ಟುಹೋಗಿದೆ ಅಥವಾ ಎರಡು ಸಲ ಬಂದಿದೆ.

ಎರಡನೆಯದು, ನಿಮ್ಮದೇ ಒಂದು ಖಾತೆಯಿಂದ ನಿಮ್ಮದೇ ಇನ್ನೊಂದು ವಾಲೆಟ್‌ಗೆ, ಅಂದರೆ ಕಾಯಿನ್ ಇಡುವ ಡಿಜಿಟಲ್ ಪರ್ಸ್‌ಗೆ, ಕಳಿಸಿದ್ದು. ಅದು ಮಾರಾಟ ಅಲ್ಲ. ಆದರೆ ಎರಡನೇ ವಾಲೆಟ್ ಜೋಡಿಸಿಲ್ಲದಿದ್ದರೆ ಸಾಫ್ಟ್‌ವೇರ್‌ಗೆ ಹೇಗೆ ಗೊತ್ತಾಗಬೇಕು? ಎಲ್ಲ ಖಾತೆ, ಎಲ್ಲ ವಾಲೆಟ್ ಜೋಡಿಸಿ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ, ಯಾಕೆಂದರೆ ಇದರಲ್ಲಿ ಸಾಕ್ಷಿ ಹೊರಗಿನವರದು. 2022ರ ಜುಲೈ 1ರಿಂದ ಭಾರತದ ಎಕ್ಸ್‌ಚೇಂಜ್‌ಗಳು ಮಾರಾಟದ ಮೊತ್ತದ ಮೇಲೆ 1% ಟಿಡಿಎಸ್ ಹಿಡಿಯುತ್ತವೆ. ಅದು ನಿಮ್ಮ 26ಎಎಸ್‌ನಲ್ಲಿ ಬರುತ್ತದೆ. ಅಲ್ಲಿರುವ ಮೊತ್ತವನ್ನು 100ರಿಂದ ಗುಣಿಸಿ. 1,850 ಇದ್ದರೆ ಮಾರಾಟ ಸುಮಾರು 1,85,000. ಆ ಎಕ್ಸ್‌ಚೇಂಜ್‌ನಲ್ಲಿ ಸಾಫ್ಟ್‌ವೇರ್ ತೋರಿಸುವ ಒಟ್ಟು ಮಾರಾಟ ಇದರ ಹತ್ತಿರ ಇರಬೇಕು. ಮಂಡಿಯ ಪಟ್ಟಿಯನ್ನೂ ಮನೆಯ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡುವುದಿಲ್ವಾ, ಹಾಗೆಯೇ. ಸಾಫ್ಟ್‌ವೇರ್ 90,000 ಮಾತ್ರ ತೋರಿಸಿದರೆ ಅರ್ಧ ವ್ಯವಹಾರ ಬಂದೇ ಇಲ್ಲ. ಇಲಾಖೆಯವರ ಕಣ್ಣಿಗೆ ಬೀಳುವುದೂ ಇದೇ ವ್ಯತ್ಯಾಸ.

7. ಸಹಾಯ ಕೇಳುವಾಗ

ಸಾಫ್ಟ್‌ವೇರ್ ಕಂಪನಿಯ ಸಹಾಯ ವಿಭಾಗಕ್ಕೆ ಅದರೊಳಗಿನ ಚಾಟ್‌ನಿಂದಲೇ ಬರೆಯಿರಿ. ಎಕ್ಸ್‌ಚೇಂಜ್ ಹೆಸರು, ಕೆಂಪು ಸಂದೇಶದ ಸ್ಕ್ರೀನ್‌ಶಾಟ್, ಎಂದಿನಿಂದ ಹೀಗಾಗಿದೆ, ಏನೇನು ಮಾಡಿ ನೋಡಿದಿರಿ, ಇಷ್ಟು ಹೇಳಿದರೆ ಉತ್ತರ ಬೇಗ ಬರುತ್ತದೆ. ಸೀಕ್ರೆಟ್, ಪಾಸ್‌ಫ್ರೇಸ್, ಒಟಿಪಿ, ವಾಲೆಟ್ ತೆರೆಯುವ 12 ಅಥವಾ 24 ಗುಟ್ಟಿನ ಪದಗಳು ಇವನ್ನು ಯಾರಿಗೂ ಕಳಿಸಬೇಡಿ. ನಿಮ್ಮ ಆಡಿಟರ್‌ಗೂ ಬೇಡ. ಅವರಿಗೆ ಬೇಕಾದದ್ದು ವರದಿ, ಕೀ ಅಲ್ಲ. ಟೆಲಿಗ್ರಾಂನಲ್ಲಿ ತಾವಾಗಿಯೇ "ಸಪೋರ್ಟ್ ಟೀಮ್" ಅಂತ ಬಂದು ಮಾತಾಡಿಸುವವರು, ಪರದೆ ಹಂಚುವ ಆ್ಯಪ್ ಹಾಕಿಕೊಳ್ಳಿ ಅನ್ನುವವರು ಕಳ್ಳರು. ತಕ್ಷಣ ಬ್ಲಾಕ್ ಮಾಡಿ. ಕೀ ಯಾರ ಕೈಗಾದರೂ ಹೋಗಿದೆ ಅನ್ನಿಸಿದರೆ ಮೊದಲು ಎಕ್ಸ್‌ಚೇಂಜ್‌ನಲ್ಲಿ ಅದನ್ನು ಅಳಿಸಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

8. ಕೆಲಸ ಮುಗಿದ ದಿನ

ವರದಿ ಸರಿ ಬಂತು ಅಂದ ಮೇಲೆ ಆಡಿಟರ್‌ಗೆ ಕೊಡಿ. ಈ ಲಾಭವನ್ನು ಐಟಿಆರ್-1 ಅನ್ನುವ ರಿಟರ್ನ್ಸ್ ಫಾರಂನಲ್ಲಿ ಹಾಕಲು ಬರುವುದಿಲ್ಲ. ಐಟಿಆರ್-2 ಅಥವಾ 3ರಲ್ಲಿ ವಿಡಿಎ (ಕ್ರಿಪ್ಟೊಗೆ ಕಾನೂನಿನಲ್ಲಿರುವ ಹೆಸರು) ಅನ್ನುವ ಬೇರೆ ಪಟ್ಟಿಯೇ ಇದೆ, ಪ್ರತಿ ಮಾರಾಟದ ದಿನಾಂಕ ಮತ್ತು ಬೆಲೆ ಅಲ್ಲಿ ಹೋಗಬೇಕು. ಫ್ಯೂಚರ್ಸ್ (ಮುಂದಿನ ಬೆಲೆಯ ಮೇಲೆ ಮಾಡಿಕೊಳ್ಳುವ ಒಪ್ಪಂದ) ಆಡಿದವರು ಅದನ್ನು ಆಡಿಟರ್‌ಗೆ ಮೊದಲೇ ಬೇರೆಯಾಗಿ ಹೇಳಿ, ಅದರ ಲೆಕ್ಕವನ್ನು ಇದರೊಳಗೆ ಬೆರೆಸಬೇಡಿ.

ಆಮೇಲೆ ಎಕ್ಸ್‌ಚೇಂಜ್‌ನಿಂದ ಇಳಿಸಿದ ಮೂಲ ಫೈಲ್‌ಗಳು, ಸಾಫ್ಟ್‌ವೇರ್‌ನ ವರದಿ, 26ಎಎಸ್ ಈ ಮೂರನ್ನೂ ಆ ವರ್ಷದ ಹೆಸರಿನ ಒಂದು ಫೋಲ್ಡರ್‌ಗೆ ಹಾಕಿ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಇರಲಿ. ನಮ್ಮ ಮಳೆಗಾಲದಲ್ಲಿ ಪೆನ್‌ಡ್ರೈವ್ ಕೂಡ ಶೀತ ಹಿಡಿಯುತ್ತದೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಇನ್ನೊಂದು ಪ್ರತಿ ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ. ಕೊನೆಯದಾಗಿ ಎಕ್ಸ್‌ಚೇಂಜ್‌ಗೆ ಲಾಗಿನ್ ಆಗಿ, ಈ ಕೆಲಸಕ್ಕೆ ಮಾಡಿದ ಕೀಯನ್ನು ಅಳಿಸಿಬಿಡಿ. ಮುಂದಿನ ವರ್ಷ ಹೊಸದು ಮಾಡಲು ಎರಡೇ ನಿಮಿಷ ಸಾಕು.